ಮನೆಯ ಕಚೇರಿಗೆ ಎರಡನೆಯ ಮಾನಿಟರ್: ಹಗಲು ಲೆಕ್ಕಕ್ಕೆ, ರಾತ್ರಿ ಆಟಕ್ಕೆ

2017ರ ಜುಲೈನಲ್ಲಿ ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ವರ್ತಕರ ಲೆಕ್ಕಪತ್ರದ ಕೆಲಸವು ಅಂಗಡಿಯ ಬಾಗಿಲು ಮುಚ್ಚಿದ ನಂತರವೂ ಮುಂದುವರಿಯುವಂತಾಗಿದೆ. ಬಳ್ಳಾರಿ ನಗರದ ಜೀನ್ಸ್ ತಯಾರಕರಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರಾಗಲಿ, ಕುರುಗೋಡಿನ ಮೆಣಸಿನಕಾಯಿ ವರ್ತಕರಾಗಲಿ, ರಾತ್ರಿ ಊಟವಾದ ಮೇಲೆ ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವುದು ಸಾಮಾನ್ಯವಾಗಿದೆ. ಮಾಸಿಕ ವಿವರ ಸಲ್ಲಿಸುವವರಿಗೆ ಪ್ರತಿ ತಿಂಗಳ 14ರಂದು ಜಿ.ಎಸ್.ಟಿ.ಆರ್.-2ಬಿ ಪಟ್ಟಿ ಸಿದ್ಧವಾಗುತ್ತದೆ. 20ರೊಳಗೆ 3ಬಿ ಸಲ್ಲಿಸಬೇಕು. ನಡುವಿನ ಆರು ದಿನಗಳಲ್ಲಿ ನಮ್ಮ ಖರೀದಿ ಪುಸ್ತಕವನ್ನು ಆ ಪಟ್ಟಿಯೊಡನೆ ಸಾಲು ಸಾಲಾಗಿ ತಾಳೆ ನೋಡತಕ್ಕದ್ದು. ಒಂದೇ ಪರದೆಯಲ್ಲಿ ಒಮ್ಮೆ ಟ್ಯಾಲಿ, ಒಮ್ಮೆ ಪೋರ್ಟಲ್ ಎಂದು ಅದಲುಬದಲು ಮಾಡುತ್ತಾ ಹೋದರೆ ಒಂದು ಅಂಕಿ ಕಣ್ತಪ್ಪಿದರೂ ಹೂಡುವಳಿ ತೆರಿಗೆ ಜಮೆಯು ಕೈತಪ್ಪಬಹುದು. ಎರಡನೆಯ ಮಾನಿಟರಿನ ಅಗತ್ಯ ಹುಟ್ಟುವುದು ಇಲ್ಲಿಯೇ.

ಆದರೆ ಮನೆಗೆ ಬಂದ ಮಾನಿಟರು ಲೆಕ್ಕಕ್ಕೆ ಮಾತ್ರ ಮೀಸಲಾಗಿ ಉಳಿಯುವುದಿಲ್ಲ. ಮಕ್ಕಳಿಗೆ ಅದರಲ್ಲಿ ಆಟ ಬೇಕು. ಅಂಗಡಿಗೆ ಹೋದಾಗ ಅವರ ಮಾತೇ ಮುಂದಾಗಿ, ವೇಗದ ಅಂಕಿಯನ್ನು ನೋಡಿ ಕೊಂಡು, ಅಕ್ಷರದ ಸ್ಪಷ್ಟತೆಯನ್ನು ಮರೆಯುವುದುಂಟು. ಕ್ರಮವು ಇದಕ್ಕೆ ವಿರುದ್ಧವಾಗಿರಬೇಕೆಂಬುದು ಈ ಲೇಖಕನ ಅಭಿಪ್ರಾಯ. ಲೆಕ್ಕಕ್ಕೆ ಒಪ್ಪುವ ಪರದೆಯನ್ನು ಮೊದಲು ಗೊತ್ತುಮಾಡಿಕೊಂಡು, ಅವುಗಳಲ್ಲಿ ಆಟಕ್ಕೂ ಒದಗುವುದನ್ನು ಆರಿಸಿಕೊಳ್ಳಬೇಕು.

ಪರದೆಯ ಅಳತೆಗಿಂತ ಮುಖ್ಯವಾದದ್ದು ಒಂದು ಅಂಗುಲದಲ್ಲಿ ಎಷ್ಟು ಬಿಂದುಗಳಿವೆ ಎಂಬುದು. 1920×1080 ಬಿಂದುಗಳ 24 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಬಿಂದುಗಳಿರುತ್ತವೆ. ಅದೇ ಬಿಂದುಗಳನ್ನು 27 ಅಂಗುಲಕ್ಕೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. 2560×1440 ಬಿಂದುಗಳ 27 ಅಂಗುಲದ ಪರದೆಯಲ್ಲಿ ಇದು ಸುಮಾರು 109. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಓದುವವರಿಗೆ ಈ ಅಂತರ ಅಷ್ಟಾಗಿ ತೋರದಿರಬಹುದು. ಕನ್ನಡದ ಸಂಗತಿ ಬೇರೆ. ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಇವೆಲ್ಲವೂ ಸಣ್ಣ ಜಾಗದಲ್ಲಿ ಕೂಡಬೇಕು. ‘ಕ್ಷ’, ‘ಷ್ಟ್ರ’ಗಳಂಥ ಅಕ್ಷರಗಳು 82 ಬಿಂದುಗಳ ಪರದೆಯಲ್ಲಿ ಕಲಸಿದಂತೆ ಕಾಣುತ್ತವೆ. ಎ.ಪಿ.ಎಂ.ಸಿ. ಪತ್ರಗಳನ್ನೂ ರೈತರ ಹೆಸರುಗಳನ್ನೂ ಕನ್ನಡದಲ್ಲಿಯೇ ಓದಿ ಬರೆಯುವವರು 27 ಅಂಗುಲದ 1080 ಪರದೆಯನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಬಿಡುವುದು ಲೇಸು. ಹಣ ಕಡಿಮೆಯಿದ್ದರೆ 24 ಅಂಗುಲದ 1080, ಕೈಗೆಟುಕಿದರೆ 27 ಅಂಗುಲದ 1440.

ಹಳೆಯ ಟಿ.ವಿ.ಯನ್ನೇ ಎರಡನೆಯ ಪರದೆಯಾಗಿ ಬಳಸುವ ಉಪಾಯವೂ ಕೆಲವೆಡೆ ಕಂಡುಬರುತ್ತದೆ. ಅನೇಕ ಟಿ.ವಿ.ಗಳು ಬಣ್ಣದ ಮಾಹಿತಿಯನ್ನು ಕುಗ್ಗಿಸಿ ತೋರಿಸುವುದರಿಂದ ಕೆಂಪು, ನೀಲಿ ಬಣ್ಣದ ಅಂಕಿಗಳ ಅಂಚು ಮಸುಕಾಗುತ್ತದೆ. ಸಿನಿಮಾಕ್ಕೆ ಅದು ಸರಿ, ಖಾತೆಗಲ್ಲ.

ಜೀನ್ಸ್ ಉದ್ಯಮದವರು ಬಣ್ಣದ ವಿಷಯದಲ್ಲಿ ಇನ್ನೊಂದಿಷ್ಟು ಎಚ್ಚರ ವಹಿಸಬೇಕು. ವಾಶಿಂಗ್ ಆದ ಬಟ್ಟೆಯ ಛಾಯಾಚಿತ್ರವನ್ನು ಪರವೂರಿನ ಖರೀದಿದಾರರಿಗೆ ಕಳುಹಿಸಿ ಆರ್ಡರ್ ಪಡೆಯುವ ಈ ಕಾಲದಲ್ಲಿ, ನಮ್ಮ ಪರದೆಯ ಮೇಲೆ ತಿಳಿನೀಲಿಯಾಗಿ ಕಂಡದ್ದು ಅವರ ಕೈಸೇರಿದಾಗ ಕಡುನೀಲಿಯಾಗಿದ್ದರೆ ಸರಕು ಹಿಂದಿರುಗಬಹುದು. ಅಗ್ಗದ ಟಿ.ಎನ್. ಬಗೆಯ ಪರದೆಯಲ್ಲಿ ಕುಳಿತ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಐ.ಪಿ.ಎಸ್. ಬಗೆಯದನ್ನೇ ಕೇಳಬೇಕು, ಎಸ್‌ಆರ್‌ಜಿಬಿ ಬಣ್ಣಶ್ರೇಣಿಯ ಶೇ. 99ರಷ್ಟನ್ನು ತೋರಿಸುತ್ತದೆಯೇ ಎಂದು ವಿಚಾರಿಸಬೇಕು. ವಿ.ಎ. ಬಗೆಯಲ್ಲಿ ಕಪ್ಪು ಗಾಢವಾಗಿ ಕಾಣುವುದರಿಂದ ಆಟದವರಿಗೆ ಅದು ಪ್ರಿಯ. ಓಲೆಡ್ ಪರದೆ ನೋಡಲು ಬಹು ಸುಂದರ. ಆದರೆ ದಿನವಿಡೀ ಕದಲದೆ ನಿಲ್ಲುವ ಟ್ಯಾಲಿಯ ಪಟ್ಟಿಗಳು ಕಾಲಕ್ರಮೇಣ ಅದರ ಮೇಲೆ ಅಚ್ಚೊತ್ತಿದಂತೆ ಉಳಿಯುವ ಭಯವಿದೆ.

ಇನ್ನು ಆಟ. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. 144 ಹರ್ಟ್ಸ್‌ನದು 6.9 ಮಿಲಿಸೆಕೆಂಡಿಗೊಮ್ಮೆ. ವ್ಯತ್ಯಾಸ ನಿಜ. ಆದರೆ ಅಷ್ಟು ಚಿತ್ರಗಳನ್ನು ಒದಗಿಸಬೇಕಾದದ್ದು ಗಣಕಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡ್. ಲೆಕ್ಕಕ್ಕೆಂದು ಕೊಂಡ, ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಕ್ಕೆ ಹೆಚ್ಚಿನ ಹರ್ಟ್ಸ್ ಪರದೆ ಜೋಡಿಸಿದರೆ ಭಾರೀ ಆಟಗಳಲ್ಲಿ ಪ್ರಯೋಜನವಿಲ್ಲ. ಕಿಂಡಿಗಳನ್ನೂ ನೋಡಬೇಕು: ಹಳೆಯ ವಿ.ಜಿ.ಎ. ಕಿಂಡಿ 1440 ಪರದೆಗೆ ತಕ್ಕುದಲ್ಲ; ಎಚ್‌ಡಿಎಂಐ 1.4 ಕಿಂಡಿಯು 4ಕೆ ಚಿತ್ರವನ್ನು 30 ಹರ್ಟ್ಸ್‌ಗಿಂತ ಮೇಲಕ್ಕೆ ಒಯ್ಯಲಾರದು. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಗಳೆಲ್ಲ ಚಿತ್ರ ಕಳುಹಿಸುವಂಥವಲ್ಲ. ಯಂತ್ರದ ಹಿಂಬದಿಯ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗುವುದೇ ಸುಲಭದ ದಾರಿ. (ಆಟವೆಂದರೆ ಇಲ್ಲಿ ವಿಡಿಯೋ ಆಟ, ಹಣವೊಡ್ಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಕೇಂದ್ರ ಶಾಸನ ನಿಷೇಧಿಸಿದೆ.)

ತೆರಿಗೆಯ ಭಾಗವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. 32 ಅಂಗುಲಕ್ಕಿಂತ ದೊಡ್ಡ ಮಾನಿಟರುಗಳ ಮೇಲಿದ್ದ ಶೇ. 28ರ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಚಿಕ್ಕವುಗಳಿಗೆ ಅದಕ್ಕೂ ಮೊದಲೇ ಶೇ. 18 ಇತ್ತು. ತೆರಿಗೆ ಹೊರತು ರೂ. 15,000 ಬೆಲೆಯ ಮಾನಿಟರಿಗೆ ರೂ. 2,700 ತೆರಿಗೆ. ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆ ಇರುವ ಬಿಲ್ಲಿದ್ದು, ವ್ಯಾಪಾರಕ್ಕೆ ಬಳಸಿದ್ದರೆ ಅದು ಜಮೆಗೆ ಬರುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ಈ ಜಮೆ ಇಲ್ಲ. ಕೇವಲ ಮಕ್ಕಳ ಆಟಕ್ಕೆಂದು ಕೊಂಡದ್ದನ್ನು ಸಂಸ್ಥೆಯ ಖಾತೆಗೆ ಹಾಕುವುದು ತಪ್ಪು. ಕಾಯಿದೆಯ 17ನೆಯ ಕಲಮು ವೈಯಕ್ತಿಕ ಬಳಕೆಯ ಸರಕಿಗೆ ಜಮೆಯನ್ನು ನಿರಾಕರಿಸುತ್ತದೆ, ಬಳಕೆ ಎರಡೂ ಬಗೆಯದಾಗಿದ್ದರೆ ವ್ಯಾಪಾರದ ಭಾಗಕ್ಕೆ ಮಾತ್ರ ಕೊಡುತ್ತದೆ.

ಸಿರುಗುಪ್ಪದ ಗಿರಣಿ ಮಾಲೀಕರಿಗೆ ಇನ್ನೊಂದು ತೊಡಕುಂಟು. 25 ಕೆ.ಜಿ.ವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಅಕ್ಕಿಗೆ 2022ರ ಜುಲೈ 18ರಿಂದ ಶೇ. 5 ತೆರಿಗೆಯಿದೆ; ಅದಕ್ಕೆ ಮೇಲ್ಪಟ್ಟ ಚೀಲಕ್ಕೆ ಇಲ್ಲ. 26 ಕೆ.ಜಿ. ಚೀಲ ಹುಟ್ಟಿಕೊಂಡದ್ದರ ಮರ್ಮವೂ ಇದೇ. ಎರಡೂ ಬಗೆಯನ್ನು ಮಾರುವವರು, ಮಾನಿಟರನ್ನು ಬಂಡವಾಳ ಸರಕಾಗಿ ತೋರಿಸಿದಾಗ, ನಿಯಮ 43ರಂತೆ ಆ ರೂ. 2,700ನ್ನು 60 ತಿಂಗಳಿಗೆ ಹಂಚಬೇಕು. ತಿಂಗಳಿಗೆ ರೂ. 45 ಆಯಿತು, ಅದರಲ್ಲಿ ತೆರಿಗೆಯಿಲ್ಲದ ವಹಿವಾಟಿನ ಪಾಲನ್ನು ಹಿಂತಿರುಗಿಸಬೇಕು. ತೆರಿಗೆಯಿಲ್ಲದ ಅಕ್ಕಿಯನ್ನಷ್ಟೇ ಮಾರುವವರಿಗೆ ಜಮೆಯ ಪ್ರಶ್ನೆಯೇ ಏಳದು. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದವರಿಗೆ ಆ ಮೊತ್ತದ ಜಮೆ ಸಿಗುವುದಿಲ್ಲವೆಂಬುದನ್ನು ಲೆಕ್ಕಪರಿಶೋಧಕರಿಗೆ ಮುಂಚೆಯೇ ನೆನಪಿಸುವುದು ಒಳ್ಳೆಯದು.

ಮಾನಿಟರು ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿರಿ. ಸೇವೆಯವರು ಕುರುಗೋಡು, ಸಿರುಗುಪ್ಪದ ಮನೆಬಾಗಿಲಿಗೆ ಬರುತ್ತಾರೆಯೇ, ಇಲ್ಲವೇ ನಾವೇ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಬಳ್ಳಾರಿಗೆ ಬರಬೇಕೆ? ಖಾತರಿ ಪತ್ರದಲ್ಲಿ ಇದು ಬರೆಹದಲ್ಲಿರಲಿ. ಹೊಸ ಪರದೆಯನ್ನು ಯು.ಪಿ.ಎಸ್.ಗೇ ಜೋಡಿಸಿರಿ; ಕರೆಂಟು ಹೋದಾಗ ಯಂತ್ರ ಓಡುತ್ತಿದ್ದು ಪರದೆ ಆರಿದರೆ ಅರ್ಧ ತುಂಬಿದ ವಿವರವನ್ನು ಉಳಿಸುವುದು ಕಷ್ಟ. 27 ಅಂಗುಲದ ಮಾನಿಟರು ಸಾಮಾನ್ಯವಾಗಿ 30 ವಾಟ್ ಆಸುಪಾಸು ಎಳೆಯುವುದರಿಂದ ಯು.ಪಿ.ಎಸ್.ಗೆ ಅದು ದೊಡ್ಡ ಹೊರೆಯಲ್ಲ.