ಮಕ್ಕಳ ಕೆಮ್ಮು, ಜ್ವರ ಮತ್ತು ವೈರಸ್ಸಿನ ಗುರುತು

ಚಳಿಗಾಲ ಮೊದಲಾಯಿತೆಂದರೆ ಮಕ್ಕಳಿರುವ ಮನೆಗಳಿಗೆ ನೆಗಡಿ, ಕೆಮ್ಮು, ಜ್ವರಗಳು ಕರೆಯದೆ ಬರುವ ನೆಂಟರು. ನಾವು ಇವಕ್ಕೆಲ್ಲ ‘ಫ್ಲೂ’ ಎಂಬ ಒಂದೇ ಹೆಸರನ್ನಿಟ್ಟು ಸುಮ್ಮನಾಗುತ್ತೇವೆ. ಆದರೆ ಒಂದೇ ವೇಷವನ್ನು ತೊಟ್ಟು ರಂಗಕ್ಕೆ ಬರುವ ಪಾತ್ರಧಾರಿಗಳು ಹಲವರುಂಟು. ಲಕ್ಷಣಗಳನ್ನು ಮಾತ್ರ ನೋಡಿ, ಒಳಗಿರುವ ವೈರಸ್ ಇಂಥದೇ ಎಂದು ನಿಶ್ಚಯಿಸುವುದು ಅನುಭವಶಾಲಿಗಳಾದ ವೈದ್ಯರಿಗೂ ಕಷ್ಟ. ಹಾಗಾದರೆ ಅದನ್ನು ಗುರುತಿಸುವ ಬಗೆ ಯಾವುದು? ಗುರುತಿಸಿದುದರಿಂದ ಮಗುವಿಗೆ ಆಗುವ ಉಪಕಾರವೇನು? ಈ ಎರಡನ್ನು ವಿಚಾರ ಮಾಡೋಣ.

ವೈರಸ್ಸು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಸಿಕ್ಕದಷ್ಟು ಕಿರಿದು. ಜೀವಕೋಶವನ್ನು ಹೊಕ್ಕಲ್ಲದೆ ಅದು ಬೆಳೆಯದು. ೧೯೩೩ರಲ್ಲಿ ಲಂಡನ್ನಿನ ಸ್ಮಿತ್, ಆಂಡ್ರೂಸ್, ಲೇಡ್‌ಲಾ ಎಂಬ ಮೂವರು ವಿಜ್ಞಾನಿಗಳು, ರೋಗಿಯು ಗಂಟಲು ಮುಕ್ಕಳಿಸಿದ ನೀರನ್ನು ಸೋಸಿ, ಮುಂಗುಸಿಯಂತೆ ತೋರುವ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಬಿಟ್ಟರು. ಪ್ರಾಣಿಗೂ ಜ್ವರ ಬಂದಿತು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸು ಕೈಗೆ ಸಿಕ್ಕಿದ್ದು ಹೀಗೆ.

೧೯೫೬ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಿಂದ, ನೆಗಡಿ ಹಿಡಿದ ಚಿಂಪಾಂಜಿಗಳಲ್ಲಿ ಹೊಸ ವೈರಸ್ಸೊಂದು ಕಂಡಿತೆಂಬ ವರದಿ ಹೊರಟಿತು. ಮರುವರ್ಷವೇ ರಾಬರ್ಟ್ ಚಾನಕ್ ಮತ್ತು ಅವರ ಸಂಗಡಿಗರು ಬಾಲ್ಟಿಮೋರಿನ ಕಾಯಿಲೆಯ ಶಿಶುಗಳಲ್ಲಿ ಅದನ್ನೇ ಕಂಡರು. ಈ ಆರ್.ಎಸ್. ವೈರಸ್ಸೇ ಎಳೆಯ ಕೂಸುಗಳ ಶ್ವಾಸಕೋಶವನ್ನು ಕಾಡುವವುಗಳಲ್ಲಿ ಪ್ರಮುಖವಾದುದು. ೨೦೦೧ರಲ್ಲಿ ಡಚ್ ವಿಜ್ಞಾನಿಗಳು ಮೆಟಾನ್ಯೂಮೊವೈರಸ್ಸನ್ನು ಕಂಡುಹಿಡಿದರು. ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಲಾಗಿ, ಅದು ಐವತ್ತು ವರ್ಷಗಳಿಗೂ ಹಿಂದಿನಿಂದ ನಮ್ಮೊಡನೆ ಇದ್ದಿತೆಂದು ತಿಳಿಯಿತು. ಹೊಸದಾಗಿ ಕಂಡದ್ದೆಲ್ಲ ಹೊಸದಾಗಿ ಹುಟ್ಟಿದ್ದಲ್ಲ!

ಈಗ ಫೆರೆಟ್ಟು ಬೇಕಿಲ್ಲ. ಮಗುವಿನ ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ದ್ರವ ಸಾಕು. ಪಿ.ಸಿ.ಆರ್. ಎಂಬ ವಿಧಾನದಲ್ಲಿ ವೈರಸ್ಸಿನ ಆನುವಂಶಿಕ ದ್ರವ್ಯದ ತುಣುಕನ್ನು ಮತ್ತೆ ಮತ್ತೆ ಇಮ್ಮಡಿಸುವರು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತನೆಯ ಸಲಕ್ಕೆ ನೂರು ಕೋಟಿಯನ್ನು ಮೀರಬಲ್ಲುದು. ಕೆಲವು ಗಂಟೆಗಳಲ್ಲಿ ಉತ್ತರ ದೊರೆಯುತ್ತದೆ. ಆದರೂ ಒಂದು ಎಚ್ಚರಿಕೆ ಅಗತ್ಯ: ನೆಗಡಿಯ ರೈನೋವೈರಸ್ಸು ಆರೋಗ್ಯವಂತ ಮಕ್ಕಳ ಮೂಗಿನಲ್ಲಿಯೂ ಕಾಣುವುದುಂಟು, ಒಮ್ಮೊಮ್ಮೆ ಒಂದೇ ಮಗುವಿನಲ್ಲಿ ಎರಡು ವೈರಸ್‌ಗಳೂ ಇರುವುವು. ಮನೆಯೊಳಗೆ ಸಿಕ್ಕವನೆಲ್ಲ ಕಳ್ಳನಲ್ಲ.

ಇನ್ನು ಪ್ರಯೋಜನ. ಆ್ಯಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುವೇ ಹೊರತು ವೈರಸ್ಸನ್ನಲ್ಲ. ಕಾರಣ ವೈರಸ್ಸೆಂದು ತಿಳಿದರೆ ಅವುಗಳ ವ್ಯರ್ಥ ಬಳಕೆ ತಪ್ಪೀತು. ಒಸೆಲ್ಟಾಮಿವಿರ್ ಇನ್‌ಫ್ಲುಯೆಂಜಾಕ್ಕೆ ಮಾತ್ರ ಔಷಧ; ಮೊದಲ ಎರಡು ದಿನಗಳಲ್ಲಿ ಕೊಟ್ಟರೆ ಹೆಚ್ಚು ಫಲ. ಆಸ್ಪತ್ರೆಯಲ್ಲಿ ಯಾವ ಮಗುವನ್ನು ಯಾವುದರಿಂದ ದೂರವಿಡಬೇಕೆಂಬುದೂ ಇದರಿಂದ ತಿಳಿಯುತ್ತದೆ.

ನೆಗಡಿಯಾದ ಪ್ರತಿ ಮಗುವಿಗೂ ಈ ಪರೀಕ್ಷೆ ಬೇಕಿಲ್ಲ. ತಾಯಿಯು ಮಾಡಬಹುದಾದ ಪರೀಕ್ಷೆ ಬೇರೊಂದುಂಟು. ಮಗು ಅಳದೆ ಶಾಂತವಾಗಿರುವಾಗ, ಗಡಿಯಾರ ಹಿಡಿದು ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ೬೦, ಒಂದು ವರ್ಷದೊಳಗೆ ೫೦, ಐದು ವರ್ಷದೊಳಗೆ ೪೦. ಎಣಿಕೆ ಇಷ್ಟನ್ನು ಮುಟ್ಟಿದರೆ, ಇಲ್ಲವೆ ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ವೈರಸ್ಸಿನ ಹೆಸರನ್ನು ಪ್ರಯೋಗಶಾಲೆ ಆಮೇಲೆ ಹೇಳಲಿ. ಮಗುವಿನ ಉಸಿರು ಹೇಳುವುದನ್ನು ನಾವು ಮೊದಲು ಕೇಳಬೇಕು.