ದಿನಕ್ಕೆ ಎರಡು ಪೈಸೆ

ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ ಇದ್ದ ಕಾಲದ ಮಾತು. ಮಂಗಳೂರಿನ ವಕೀಲರೊಬ್ಬರು ತಮ್ಮ ಶಾಲೆಗೆ ಬಂದ ಮಗುವಿನ ಲೆಕ್ಕದಲ್ಲಿ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು. ಅಂದರೆ ಅರ್ಧ ಆಣೆ. 32 ದಿನ ತಪ್ಪದೆ ಬಂದರೆ ಮನೆಗೆ ಪೂರ್ತಿ ಒಂದು ರೂಪಾಯಿ. ಜೊತೆಗೆ ಮಧ್ಯಾಹ್ನದ ಊಟ. ಕಲಿಯಲು ಬಂದವರಿಗೇ ಕಾಸು ಕೊಟ್ಟ ಈ ವಕೀಲರು ಕುದ್ಮುಲ್ ರಂಗರಾವ್.

ಕರಾವಳಿಯವರಿಗೆ ಹೆಸರು ಪರಿಚಿತ. ಘಟ್ಟದ ಮೇಲೆ ಕೇಳಿದವರು ಕಡಿಮೆ. 1859ರಲ್ಲಿ ಕಾಸರಗೋಡು ಕಡೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದವರು. ಮೊದಲು ಮೇಷ್ಟ್ರು, ಆಮೇಲೆ ವಕೀಲರು. ಬಡವರ ವಕೀಲ ಎಂದೇ ಹೆಸರಾದರು. ಉಳ್ಳಾಲ ರಘುನಾಥಯ್ಯನವರ ಬ್ರಹ್ಮಸಮಾಜದ ಒಡನಾಟ ಸಿಕ್ಕ ಮೇಲೆ ಬದುಕಿನ ದಾರಿ ಬೇರೆಯೇ ಆಯಿತು.

1892ರಲ್ಲಿ ಉರ್ವ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರು ಸುಮ್ಮನಿರಲಿಲ್ಲ. ವಿರೋಧ ಜೋರಾಗಿ ಶಾಲೆ ಜಾಗ ಬದಲಿಸಬೇಕಾಯಿತು. ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪಲಿಲ್ಲ; ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಇಂಥ ಕಥೆಗಳನ್ನು ನಾವು ಬೇರೆಯವರ ಚರಿತ್ರೆಯಲ್ಲೂ ಓದಿದ್ದೇವೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಎರಡು ಪೈಸೆಯೇ.

ದಾನ ಮಾಡುವವರಿಗೆ ಸಾಮಾನ್ಯವಾಗಿ ತೋಚುವುದು ಸ್ಲೇಟು, ಬಳಪ, ಅಂಗಿ. ರಂಗರಾಯರು ಆ ಮನೆಗಳ ಲೆಕ್ಕವನ್ನೇ ಓದಿದ್ದರು. ಅಲ್ಲಿ ಮಗು ಎಂದರೆ ದುಡಿಯುವ ಕೈ. ಧಣಿಯ ದನ ಮೇಯಿಸಿದರೆ ಒಂದು ಹೊತ್ತಿನ ಗಂಜಿಯಾದರೂ ಹುಟ್ಟುತ್ತದೆ. ಶಾಲೆಯಲ್ಲಿ ಕೂತರೆ ಅದೂ ಇಲ್ಲ. ಅಪ್ಪ ಅಮ್ಮಂದಿರು ಮಕ್ಕಳನ್ನು ಕಳಿಸದೇ ಇದ್ದದ್ದು ವಿದ್ಯೆಯ ಬೆಲೆ ತಿಳಿಯದೆ ಅಲ್ಲ, ಅದರ ಖರ್ಚು ಚೆನ್ನಾಗಿ ತಿಳಿದಿದ್ದರಿಂದ. ಆ ಖರ್ಚನ್ನು ತುಂಬಿಕೊಡದೆ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ ಎಂದು ವಕೀಲರಿಗೆ ಅನಿಸಿರಬೇಕು. ಇನ್ನೊಂದು ಸೂಕ್ಷ್ಮವೂ ಇದೆ: ಕಾಸು ದಿನದ ಲೆಕ್ಕದ್ದು. ಇವತ್ತು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ, ಜಾತಿ ಪ್ರಮಾಣಪತ್ರ ಲಗತ್ತಿಸಿ, ಪರೀಕ್ಷೆ ಮುಗಿದರೂ ಹಣ ಬಂತೇ ಎಂದು ಬ್ಯಾಂಕಿಗೆ ಅಲೆಯುವ ಮಕ್ಕಳಿಗೆ ಇದರ ಬೆಲೆ ಗೊತ್ತಾದೀತು. ಇನ್ನು ಊಟದ ವಿಷಯ. ನಮ್ಮ ಸರ್ಕಾರ ಅಕ್ಷರ ದಾಸೋಹ ಶುರು ಮಾಡಿದ್ದು 2002ರಲ್ಲಿ.

1897ರಲ್ಲಿ ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಬಂತು. ಶಾಲೆಗಳು ಹೆಚ್ಚಿದವು, ಮಗ್ಗದ ಕೆಲಸ, ಬಡಗಿ ಕೆಲಸ ಕಲಿಸಿದರು, ಮನೆ ಕಟ್ಟಿಕೊಳ್ಳಲು ನಿವೇಶನ ಕೊಡಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಸ್ಥಾನ ಬೇಕೆಂದು ಪಟ್ಟು ಹಿಡಿದರು. ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ, ಬೇರೆ ಭಾಷೆಯ ಡಾ. ಪಿ. ಸುಬ್ಬರಾಯನ್ ಅವರಿಗೆ ಕೊಟ್ಟರು. ಅಳಿಯ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮಗಳು 1930ರ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಕುಮಾರಮಂಗಲಂ ಸೇನೆಯ ಮುಖ್ಯಸ್ಥರಾದರು. ಈ ವಂಶಾವಳಿಯೇ ಒಂದು ಲೇಖನ ಬೇಡುತ್ತದೆ, ಇಲ್ಲಿ ಬಿಡೋಣ.

ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ತಮ್ಮ ಅಂತ್ಯಕ್ರಿಯೆಯನ್ನು ತೋಟಿಗಳೇ ಮಾಡಬೇಕೆಂದು ಹೇಳಿದ್ದರಂತೆ. 1928ರ ಜನವರಿ 30ರಂದು ತೀರಿಕೊಂಡರು. ಅತ್ತಾವರ ಬಾಬುಗುಡ್ಡೆಯ ಬ್ರಹ್ಮಸಮಾಜದ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ ಅವರ ಆಸೆಯನ್ನೇ ಕೆತ್ತಿದ್ದಾರೆ: ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು. ಸ್ವರ್ಗ ಬೇಡಲಿಲ್ಲ, ಮೋಕ್ಷ ಬೇಡಲಿಲ್ಲ. ಬೇಡಿದ್ದು ಕಾರು, ಅದೂ ಇನ್ನೊಬ್ಬರ ಮಗುವಿಗೆ. ಮಂಗಳೂರಿನ ರಸ್ತೆಗಳಲ್ಲಿ ಕಾರೇ ಅಪರೂಪವಾಗಿದ್ದ ಕಾಲದಲ್ಲಿ!

1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಮಂಗಳೂರಿಗೆ ಬರುವಷ್ಟರಲ್ಲಿ ರಾಯರು ಹೋಗಿ ಆರು ವರ್ಷವಾಗಿತ್ತು. ಈಗ ನಗರದ ಪುರಭವನಕ್ಕೆ ಅವರ ಹೆಸರಿದೆ. ಆದರೂ ನಾಟಕಕ್ಕೆ ಹೊರಟವರು ರಿಕ್ಷಾದವನಿಗೆ ಹೇಳುವುದು ‘ಟೌನ್‌ಹಾಲ್’ ಎಂದೇ. ಹೆಸರು ಬಾಯಲ್ಲಿ ನಿಲ್ಲದಿದ್ದರೆ ಹೋಗಲಿ, ಆ ಎರಡು ಪೈಸೆಯ ಕಥೆಯಾದರೂ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಒಂದು ಪುಟ ಹಿಡಿಯಬಹುದಿತ್ತು.