ಚುಟುಕಾಗಿ ಒತ್ತಿ, ಪೂರ್ತಿ ಪಡೆಯಿರಿ

ತಂತಿ ಕಚೇರಿಗಳಿದ್ದ ಕಾಲದಲ್ಲಿ ಮದುವೆಗೋ ಹಬ್ಬಕ್ಕೋ ಶುಭಾಶಯ ಕಳುಹಿಸುವವರು ಪೂರ್ತಿ ವಾಕ್ಯ ಬರೆಯಬೇಕಿರಲಿಲ್ಲ. ಸಿದ್ಧ ವಾಕ್ಯಗಳ ಪಟ್ಟಿ ನೋಡಿ ಸಂಖ್ಯೆ ತಿಳಿಸಿದರೆ ಸಾಕಿತ್ತು. ತಲಪಿದ ಊರಿನ ಕಚೇರಿಯಲ್ಲಿ ಆ ಸಂಖ್ಯೆ ಮತ್ತೆ ವಾಕ್ಯವಾಗುತ್ತಿತ್ತು. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಉಪಾಯ ಮಾತ್ರ ನಿಲ್ಲಲಿಲ್ಲ. ಇಂದು ಅದು ಗಣಕಯಂತ್ರದಲ್ಲಿ ‘ಟೆಕ್ಸ್ಟ್ ಎಕ್ಸ್‌ಪ್ಯಾನ್ಶನ್’ ಎಂಬ ಹೆಸರಿನಿಂದ ನೆಲೆಸಿದೆ. ಚುಟುಕು ಸಂಕೇತವೊಂದನ್ನು ಒತ್ತಿದರೆ, ಮೊದಲೇ ಬರೆದಿಟ್ಟ ಪದವೋ ವಾಕ್ಯವೋ ಇಡೀ ಪತ್ರವೋ ಆ ಜಾಗದಲ್ಲಿ ಮೂಡುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟ್ ವರದಿ ಸಿದ್ಧಪಡಿಸುತ್ತಿದ್ದಾನೆ ಎನ್ನೋಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು, ನಡುವಿನ ತೆರಪೂ ಸೇರಿ, 37 ಸಲ ಕೀಲಿ ಒತ್ತಬೇಕು. ಸೆಮಿಕೋಲನ್ ಹಾಗೂ ವಿ, ಟಿ, ಯು ಎಂಬ ಸಂಕೇತಕ್ಕೆ ಬರೀ 4. ವರದಿಯಲ್ಲಿ ಆ ಹೆಸರು 30 ಸಲ ಬಂದರೆ ಉಳಿಯುವ ಒತ್ತುಗಳು 990. ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೂ ದೊಡ್ಡ ಉಪಕಾರವಿದೆ. ಉಷ್ಣತೆಯ ° ಚಿಹ್ನೆ ಕೀಲಿಮಣೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಲ್ಫ್ಯೂರಿಕ್ ಆಮ್ಲದ ಸೂತ್ರದಲ್ಲಿ 2 ಮತ್ತು 4 ಸಾಲಿನಿಂದ ಕೆಳಗಿಳಿದು ಕೂರಬೇಕು. ಇಂಥವನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ ಮುಂದೆ ತಡಕಾಡಬೇಕಿಲ್ಲ.

ಆರಂಭಕ್ಕೆ ಹೊಸ ತಂತ್ರಾಂಶ ಬೇಕೇ ಇಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಮೂಲಕ ಹೋದರೆ ‘ಆಟೋಕರೆಕ್ಟ್ ಆಪ್ಷನ್ಸ್’ ಸಿಗುತ್ತದೆ. ಉಚಿತವಾದ ಲಿಬ್ರೆಆಫೀಸ್‌ನಲ್ಲಿ ಅದು ಟೂಲ್ಸ್ ಪಟ್ಟಿಯಲ್ಲಿದೆ. ‘ರಿಪ್ಲೇಸ್’ ಎಂಬಲ್ಲಿ ಸಂಕೇತ, ‘ವಿತ್’ ಎಂಬಲ್ಲಿ ಪೂರ್ಣರೂಪ ಬರೆದು ಸೇರಿಸಿದರಾಯಿತು. ಆದರೆ ಈ ಪಟ್ಟಿ ಆಯಾ ಆಫೀಸ್ ತಂತ್ರಾಂಶಗಳ ಆಚೆ ನಡೆಯದು.

ಇ-ಮೇಲ್, ಬ್ರೌಸರ್ ಎಲ್ಲೆಡೆಯೂ ಬೇಕೆಂದರೆ ‘ಎಸ್ಪಾನ್ಸೊ’ದಂಥ ತಂತ್ರಾಂಶ ಹಾಕಿಕೊಳ್ಳಬೇಕು. ಇದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರಲ್ಲಿ ಚಂದದ ಕಿಟಕಿ, ಗುಂಡಿಗಳನ್ನು ನಿರೀಕ್ಷಿಸಬೇಡಿ. ‘ಬೇಸ್’ ಎಂಬ ಹೆಸರಿನ ಸಾದಾ ಕಡತವೊಂದರಲ್ಲಿ ಒಂದು ಸಾಲಿಗೆ ‘ಟ್ರಿಗರ್’, ಮರುಸಾಲಿಗೆ ‘ರಿಪ್ಲೇಸ್’ ಎಂದು ನಾವೇ ಬರೆಯಬೇಕು. ಸಾಲಿನ ಆರಂಭದ ತೆರಪನ್ನು ಸ್ಪೇಸ್‌ಬಾರಿನಿಂದಲೇ ಬಿಡಬೇಕು. ಟ್ಯಾಬ್ ಒತ್ತಿದರೆ ಕಡತ ಕೆಲಸ ಮಾಡುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿಟ್ಟು ಪೂರ್ಣರೂಪವನ್ನು ಕನ್ನಡದಲ್ಲಿ ಇಡಬಹುದು. ಅದು ಯೂನಿಕೋಡ್‌ನಲ್ಲಿರಲಿ, ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆಡೆ ಕಲಸುಮೇಲೋಗರವಾಗುತ್ತದೆ.

ಇದೆಲ್ಲ ನಡೆಯುವುದು ಹೇಗೆ? ತಂತ್ರಾಂಶವು ನೀವು ಒತ್ತಿದ ಕೊನೆಯ ಕೆಲವು ಅಕ್ಷರಗಳನ್ನು ನೆನಪಿನಲ್ಲಿಟ್ಟುಕೊಂಡು ತನ್ನ ಪಟ್ಟಿಯೊಡನೆ ಹೋಲಿಸುತ್ತಲೇ ಇರುತ್ತದೆ. ಹೊಂದಿಕೆಯಾದ ಕೂಡಲೇ ಅಷ್ಟು ಅಕ್ಷರಗಳನ್ನು ಅಳಿಸಿ, ಪೂರ್ಣರೂಪವನ್ನು ತುಂಬುತ್ತದೆ. ಸಂಕೇತದ ಮುಂದೆ ಸೆಮಿಕೋಲನ್ ಏಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಮನೆಯ ವಿಳಾಸಕ್ಕೆ ಎ, ಡಿ, ಡಿ ಎಂದಷ್ಟೇ ಇಟ್ಟರೆ, ಇಂಗ್ಲಿಷಿನಲ್ಲಿ ‘ಅಡಿಷನ್’ ಎಂದು ಬರೆಯಹೊರಟಾಗ ನಡುವೆಯೇ ವಿಳಾಸ ಬಂದು ಕೂರುತ್ತದೆ! ಸಾಮಾನ್ಯ ಬರಹದಲ್ಲಿ ಸೆಮಿಕೋಲನ್‌ಗೆ ತಾಗಿಕೊಂಡು ಅಕ್ಷರ ಬರುವುದಿಲ್ಲವಾದ್ದರಿಂದ ಅದು ಒಳ್ಳೆಯ ಕಾವಲುಗಾರ.

ತಂದೆತಾಯಿಗಳು ಗಮನಿಸಬೇಕಾದ ವಿಷಯವೂ ಇದೇ ಕ್ರಿಯೆಯಲ್ಲಿದೆ. ಒತ್ತಿದ ಪ್ರತಿ ಕೀಲಿಯನ್ನೂ ನೋಡಬಲ್ಲ ತಂತ್ರಾಂಶ ಇದು. ಗುಪ್ತಪದಗಳನ್ನು ಕದಿಯುವ ದುಷ್ಟ ತಂತ್ರಾಂಶಗಳಿಗೆ ಬೇಕಾಗುವುದೂ ಇಂಥ ಅನುಮತಿಯೇ. ಆದ್ದರಿಂದ ಇದನ್ನು ತಯಾರಕರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. ಗೆಳೆಯರು ಪೆನ್ ಡ್ರೈವ್‌ನಲ್ಲಿ ತಂದುಕೊಟ್ಟ ಪ್ರತಿ ಬೇಡ. ಸಂಕೇತಗಳ ಕಡತ ಯಾರು ತೆರೆದರೂ ಓದಬಹುದಾದಷ್ಟು ಸರಳ. ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ, ಪಾಸ್‌ವರ್ಡ್‌ಗಳಿಗೆ ಅಲ್ಲಿ ಜಾಗವಿಲ್ಲ. ಶಾಲೆಯ ಪ್ರಯೋಗಾಲಯದಂಥ ಹತ್ತು ಜನ ಬಳಸುವ ಯಂತ್ರದಲ್ಲಿ ಮನೆಯ ವಿಳಾಸವನ್ನೂ ಇಡದಿರುವುದು ಲೇಸು.

ಮಕ್ಕಳ ಕಾಗುಣಿತ ಕೆಡುವುದಿಲ್ಲವೇ ಎಂಬ ಆತಂಕ ಸಹಜ. ತನಗೆ ಬರೆಯಲು ಬಾರದ ಪದಕ್ಕೆ ಸಂಕೇತ ಮಾಡಿಕೊಂಡವನು ಆ ಪದವನ್ನು ಎಂದೂ ಕಲಿಯಲಾರ. ಪರೀಕ್ಷೆಯ ಹಾಳೆಯ ಮೇಲೆ ಸೆಮಿಕೋಲನ್ ಯಾವ ಉಪಕಾರವನ್ನೂ ಮಾಡುವುದಿಲ್ಲ. ನೂರು ಸಲ ಬರೆದು ಬೇಸತ್ತ ಪದಕ್ಕೆ ಮಾತ್ರ ಸಂಕೇತ ಸಾಕು. ಇನ್ನೊಂದು ಅಪಾಯವೂ ಇದೆ. ಪೂರ್ಣರೂಪದಲ್ಲಿ ಒಂದಕ್ಷರ ತಪ್ಪಿದ್ದರೆ ಆ ತಪ್ಪು 30 ಕಡೆಯೂ ಅಚ್ಚುಕಟ್ಟಾಗಿ ಮೂಡುತ್ತದೆ. ಬರೆದಿಟ್ಟದ್ದನ್ನು ಮನೆಯಲ್ಲಿ ಬೇರೊಬ್ಬರಿಂದ ಓದಿಸಿ ನೋಡಬೇಕು.

ಮೊದಲ ವಾರಕ್ಕೆ ಐದು ಸಂಕೇತ ಸಾಕು: ಹೆಸರು, ಕಾಲೇಜು, ° ಚಿಹ್ನೆ, ಒಂದು ಸೂತ್ರ, ರಜಾ ಪತ್ರದ ಒಕ್ಕಣೆ. ಅವು ಬೆರಳಿಗೆ ರೂಢಿಯಾದ ಮೇಲೆ ಆರನೆಯದು. ಟೈಪಿಂಗ್ ಪರೀಕ್ಷೆಗೆ ಅಭ್ಯಾಸ ಮಾಡುವವರು ಮಾತ್ರ ಆ ಹೊತ್ತಿನಲ್ಲಿ ತಂತ್ರಾಂಶವನ್ನು ನಿಲ್ಲಿಸಿರಬೇಕು. ಅಲ್ಲಿ ಅಳೆಯುವುದು ಬೆರಳುಗಳ ವೇಗವನ್ನು.